ಗಂಟು ಕಾಣದ ಕೊರಳಿಗೆ ಕತ್ತರಿ ಬೇಕೇ?

ನಾಲಿಗೆಯ ಅಂಚಿನ ಕ್ಯಾನ್ಸರ್ ಇನ್ನೂ ಸಣ್ಣದು, ಕೊರಳಲ್ಲಿ ಗಂಟೇನೂ ಕೈಗೆ ಹತ್ತುತ್ತಿಲ್ಲ. ಆಗ ಹುಣ್ಣನ್ನಷ್ಟೇ ತೆಗೆದು ಮನೆಗೆ ಕಳಿಸಬೇಕೋ, ಅದೇ ಆಪರೇಷನ್ನಿನಲ್ಲಿ ಕೊರಳಿನ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೋ? ಸರ್ಜನ್ನರು ದಶಕಗಳ ಕಾಲ ತಂತಮ್ಮ ರೂಢಿಯಂತೆ ನಡೆದರು. ‘ಕಾದು ನೋಡೋಣ’ ಎನ್ನುವ ಪದ್ಧತಿ ಕೇಳಲು ಸೌಮ್ಯ. ಆದರೆ ತಂಬಾಕಿಗೆ ಸುಣ್ಣ ತಿಕ್ಕಿ ದವಡೆಗಿಟ್ಟುಕೊಳ್ಳುವ ರೂಢಿಯಿರುವ ಇಂಗಳೇಶ್ವರ, ಇಂಡಿ, ಸಿಂದಗಿಯ ಕಡೆಯ ರೋಗಿಗಳಿಗೆ ಅದು ದುಬಾರಿ ಎಂಬುದು ನನ್ನ ವಾದ. ಕಾರಣ ರೋಗದ ನಡಿಗೆಯಲ್ಲೇ ಇದೆ. ಆರೋಗ್ಯವಂತ ಕೋಶಗಳನ್ನು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಒಂದಕ್ಕೊಂದು ಬಿಗಿದಿರುತ್ತದೆ. ಆ ಹಿಡಿತ ಸಡಿಲವಾದ ಕ್ಯಾನ್ಸರ್ ಕೋಶ ಕಿಣ್ವಗಳಿಂದ ಕೆಳಪೊರೆಯನ್ನು ಕರಗಿಸಿ, ಸಂದಿಯಲ್ಲಿ ತೂರಿ, ತೆಳುಗೋಡೆಯ ದುಗ್ಧನಾಳ ಸೇರುತ್ತದೆ. ನಾಲಿಗೆಯಲ್ಲಿ ಈ ನಾಳಗಳು ದಟ್ಟ. ಮೊದಲ ನಿಲುಗಡೆ ದವಡೆಯ ಕೆಳಗಿನ, ಮೇಲ್ಗೊರಳಿನ ಗ್ರಂಥಿಗಳು. ಅಲ್ಲಿ ಇಳಿದ ಬೆರಳೆಣಿಕೆಯ ಕೋಶಗಳು ಸ್ಕ್ಯಾನಿಗೂ ಸಿಗುವುದಿಲ್ಲ. ಗಂಟು ಕೈಗೆ ಸಿಗುವ ಹೊತ್ತಿಗೆ ಅವು ಗ್ರಂಥಿಯ ಕವಚವನ್ನೇ ಒಡೆದು ಹೊರಬಿದ್ದಿರಬಹುದು.

ಈ ತರ್ಕವನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಒರೆಗೆ ಹಚ್ಚಿತು. ಡಾ. ಅನಿಲ್ ಡಿಕ್ರೂಝ್ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಕೊರಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕಿದವರು ಶೇ. 80; ಗಂಟು ಬಂದರೆ ಮಾತ್ರ ತೆಗೆಸುವುದೆಂದು ಕಾದವರಲ್ಲಿ ಶೇ. 67.5. ಕತ್ತರಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂದು ಹೆದರುವವರು ಗಮನಿಸಲಿ, ಇಲ್ಲಿ ಹೆಚ್ಚು ಕತ್ತರಿ ಕಂಡವರೇ ಹೆಚ್ಚು ಬದುಕಿದ್ದು.

ಆಕ್ಷೇಪವೂ ಹಗುರವಲ್ಲ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊರಳಲ್ಲಿ ರೋಗ ಬರಲೇ ಇಲ್ಲ. ಅಂಥವರಿಗೆ ಆ ಶಸ್ತ್ರಕ್ರಿಯೆ ಅನಗತ್ಯ ಗಾಯ. ಅದಾದ ಮೇಲೆ ಕೆಲವರು ಭುಜ ಎತ್ತಲಾಗದೆ ಕಷ್ಟಪಡುತ್ತಾರೆ; ಹೊಲದ ಕೆಲಸದವನಿಗೆ ಅದು ಸಣ್ಣ ತೊಂದರೆಯೇನಲ್ಲ. ಗಡ್ಡೆ 3 ಮಿ.ಮೀ.ಗಿಂತ ಆಳಕ್ಕಿಳಿಯದವರಲ್ಲಿ ಲಾಭ ಸ್ಪಷ್ಟವಾಗಲಿಲ್ಲ ಎಂಬುದನ್ನೂ ಒಪ್ಪಬೇಕು. ರೇಡಿಯೋ ಐಸೋಟೋಪ್ ಚುಚ್ಚಿ ಮೊದಲ ಗ್ರಂಥಿಯನ್ನು ಗುರುತಿಸಿ, ಅದನ್ನಷ್ಟೇ ಪರೀಕ್ಷಿಸುವ ದಾರಿ ಇದೆ, ಒಳ್ಳೆಯದೇ. ಆದರೆ ಆ ಸಲಕರಣೆ, ಆ ಕೈಚಳಕ ಎಲ್ಲ ಊರಿಗೂ ಬಂದಿಲ್ಲ. ಇಷ್ಟಾಗಿಯೂ ನನ್ನ ತಕ್ಕಡಿ ಕತ್ತರಿಯ ಕಡೆಗೇ ವಾಲುತ್ತದೆ. ಅಧ್ಯಯನದಲ್ಲಿ ಕಾದವರನ್ನು ಮತ್ತೆ ಮತ್ತೆ ಕರೆಸಿ ಕೊರಳು ಮುಟ್ಟಿ ನೋಡಿದ್ದರು, ಆದರೂ ಅವರು ಹಿಂದೆ ಬಿದ್ದರು. ಇಂಗಳೇಶ್ವರದ ಕೂಲಿಯಾಳು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ತಪಾಸಣೆಗೆ ಹೋಗಬೇಕೆಂದರೆ ಪ್ರತಿಸಲವೂ ಪಗಾರ ಬಿಡಬೇಕು, ಜೊತೆಗೊಬ್ಬರನ್ನು ಕರೆದೊಯ್ಯಬೇಕು. ನೋವಿಲ್ಲದ ಕೊರಳನ್ನು ತೋರಿಸಲು ಸುಗ್ಗಿ ಬಿಟ್ಟು ಯಾರು ಹೊರಡುತ್ತಾರೆ?