ನಾಲ್ಕು ನಿಮಿಷದ ಪದ

ರಾಯಚೂರು ಸೀಮೆಗೆ ಟೆಲಿವಿಷನ್ ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು ಮತ್ತು ಆಗಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಹಿಂದುಳಿದವರಿಗೆ ಬೇಸಾಯ, ಆರೋಗ್ಯ ಕಲಿಸುವ ಉದ್ದೇಶ. ಮೊದಲ ದಿನದಿಂದಲೂ ಆ ಪೆಟ್ಟಿಗೆಗೆ ನಾವು ಬಾಯಿ ಮುಚ್ಚಿಕೊಂಡು ಕೇಳಬೇಕಾದ ಜನ.

ಈಗ ಅದೇ ಪೆಟ್ಟಿಗೆ ಹಾಡಲು ಕರೆದಿದೆ. ಸಂತೆಕಲ್ಲೂರಿನ ನಮ್ಮ ಕೇರಿಯ ಹಿರಿಯರೊಬ್ಬರು, ನಲವತ್ತು ವರ್ಷ ಏಕತಾರಿ ಹಿಡಿದು ತತ್ವಪದ, ಮೊಹರಂ ಪದ ಹಾಡಿದವರು, ಟೀವಿಗೆಂದು ಹೊಸ ಪದ ಕಟ್ಟುತ್ತಿದ್ದಾರೆ. ಓಣಿಗೆಲ್ಲ ಹಿಗ್ಗು. ನಮಗೂ ಹಿಗ್ಗೇ. ಆದರೂ ಮೂರು ಸಂಜೆ ಕೂತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಟೀವಿಯವರು ಕೊಟ್ಟದ್ದು ನಾಲ್ಕು ನಿಮಿಷ. ಪದದಲ್ಲಿ ಒಂಬತ್ತು ನುಡಿ ಇದ್ದವು, ಈಗ ಮೂರು. ಹೋದವುಗಳಲ್ಲಿ ಒಂದು, ಮಸ್ಕಿ ಸೀಮೆಯ ರೈತರು 5ಎ ಕಾಲುವೆಗಾಗಿ 2020ರಲ್ಲಿ ಧರಣಿ ಕೂತದ್ದರ ನುಡಿ. ಇನ್ನೊಂದು, ಗುಳೆ ಹೋಗುವ ಹೆಂಗಸರದು. ಉಳಿದದ್ದು ಮಳೆ, ಮಣ್ಣು, ತಾಯಿ. ಮಣ್ಣು ಉಳಿಯಿತು, ಆ ಮಣ್ಣು ಯಾರ ಹೆಸರಿನಲ್ಲಿದೆ ಎಂಬ ಮಾತು ಹೋಯಿತು. ಕತ್ತರಿ ಆಡಿಸಿದವರು ಟೀವಿಯವರೂ ಅಲ್ಲ. 'ಅವೆಲ್ಲ ಅಲ್ಲಿ ಬ್ಯಾಡ ತಮ್ಮಾ' ಎಂದು ಹಿರಿಯರೇ ತೆಗೆದರು. ಯಾರ ಮುಂದೆ ಏನು ಹಾಡಬಾರದು ಎಂಬುದನ್ನು ಗೌಡರ ಕಟ್ಟೆಯ ಕೆಳಗೆ ನಿಂತು ಕಲಿತ ತಲೆಮಾರು ಅದು. ನಮಗೆ ಹೆಚ್ಚು ಸಂಕಟವಾದದ್ದು ಇಲ್ಲೇ.

ಹಿಮ್ಮೇಳದ ಇಬ್ಬರಿಗೂ ಕರೆ ಇಲ್ಲ. ಅಲ್ಲಿ ಕೀಬೋರ್ಡ್ ಇರುತ್ತದಂತೆ. ಹಿಂದಿನವರು ಪಲ್ಲ ಎತ್ತಿಕೊಂಡಾಗಲೇ ಮುಂದಿನವನಿಗೆ ಉಸಿರು. ಆ ಹೊತ್ತಿನಲ್ಲೇ ಮುಂದಿನ ನುಡಿ ನೆನಪಿಗೆ ಬರುವುದು, ಎದುರು ಕೂತವರ ಮುಖ ನೋಡಿ ಒಂದು ಸಾಲು ಹೊಸದಾಗಿ ಹುಟ್ಟುವುದು. ಕೀಬೋರ್ಡು ಯಾರಿಗೂ ಕಾಯುವುದಿಲ್ಲ.

ಇಷ್ಟು ಕೇಳಿ, ಜಾನಪದ ಕೆಟ್ಟಿತೆಂದು ನಿಟ್ಟುಸಿರು ಬಿಡುವ ಪೇಟೆಯ ಪಂಡಿತರು ನಮ್ಮ ಸಂಗಡ ಸೇರುವುದು ಬೇಡ. ಅವರಿಗೆ ಹಾಡು ಹಳತಾಗಿಯೇ ಇರಬೇಕು, ಹಾಡುವವರು ಬಡವರಾಗಿಯೇ. ಇಲ್ಲಿ ಮೊಹರಂ ಬಂದರೆ ಹೊಸ ಪದ ಕಟ್ಟುತ್ತಾರೆ. ಹೊಸತು ನಮಗೆ ಮೈಲಿಗೆಯಲ್ಲ.

ಬಳ್ಳಾರಿ ಕಡೆಯ ದರೋಜಿಯಲ್ಲಿದ್ದ ಬುರ್ರಕಥಾ ಈರಮ್ಮನವರು ನೆನಪಾಗುತ್ತಾರೆ. ಅಲೆಮಾರಿ ಸಮುದಾಯದ ಹೆಣ್ಣುಮಗಳು, ಅಕ್ಷರ ಬಾರದವರು. ರಾತ್ರಿಗಟ್ಟಲೆ ಹಾಡುವ ಕಥನಕಾವ್ಯಗಳು ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಕಾವ್ಯಗಳು ಪುಸ್ತಕವಾಗಿ ನಮ್ಮ ಕೈಗೆ ಸಿಕ್ಕಿದ್ದು, ಕೇಳಿಸಿಕೊಂಡವರು ಆಕೆ ಹಾಡುವಷ್ಟು ಹೊತ್ತೂ ಕೂತದ್ದರಿಂದ. ಟೀವಿ ಹಾಗೆ ಕೂರುವ ಜಾತಿಯದಲ್ಲ.

ನಮ್ಮ ಹಿರಿಯರು ಹೋಗಬಾರದೆಂದು ನಾವು ಹೇಳುತ್ತಿಲ್ಲ. ಹೋಗಲಿ, ಮೂರೇ ನುಡಿ ಹಾಡಲಿ. ಆ ಮೂರರಲ್ಲಿ ತಾಯಿಯದನ್ನು ಬಿಟ್ಟು ಕಾಲುವೆಯದನ್ನು ಸೇರಿಸಲಿ. ತಾಯಿಯ ಮೇಲೆ ಹಾಡುವವರು ಆ ಪೆಟ್ಟಿಗೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇದನ್ನು ಅವರ ಎದುರಿಗೇ ಹೇಳಿದೆವು. ಬೈದರು. ಆಮೇಲೆ ಏಕತಾರಿ ತಗೊಂಡು, ಗೋಡೆಯ ಗಡಿಯಾರ ನೋಡಿಕೊಳ್ಳುತ್ತ, ಕಾಲುವೆಯ ನುಡಿಯನ್ನು ಒಂದು ಸಲ ಹಾಡಿ ನೋಡಿದರು.