ಹತ್ತು ಕೆ.ಜಿ. ಹೈಡ್ರೋಜನ್
ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ರಸಾಯನಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಆ ಲೆಕ್ಕ ಇದೆ. 50 ಕೆ.ಜಿ. ನೈಟ್ರೋಜನ್, 10 ಕೆ.ಜಿ. ಹೈಡ್ರೋಜನ್ ಬೆರೆಸಿದರೆ ಅಮೋನಿಯಾ ಎಷ್ಟು ಬರುತ್ತದೆ? ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಖಾಲಿಯಾಗಿ ಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸುವ ವಸ್ತು, ಯಾವುದು? ಪಾಠ ಮಾಡುವವರಿಗೆಲ್ಲ ಬಾಯಿಪಾಠವಾದ ಲೆಕ್ಕ. ಮೋಲ್ ಬದಲು ಕೆ.ಜಿ.ಯಲ್ಲಿ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ಆದರೂ ನನಗೊಂದು ತಕರಾರಿದೆ.

ತಪ್ಪು ದಾರಿ ಹಿಡಿದವನಿಗೂ ಇಲ್ಲಿ ಸರಿ ಉತ್ತರ ಸಿಕ್ಕಿಬಿಡುತ್ತದೆ. “ಐವತ್ತಕ್ಕಿಂತ ಹತ್ತು ಕಡಿಮೆ ಅಲ್ವಾ ಸಾರ್, ಹೈಡ್ರೋಜನ್ನೇ ಮೊದಲು ಖಾಲಿ” ಎಂದು ಹಿಂದಿನ ಬೆಂಚಿನವನು ಕೂಗಿದರೆ ಅಲ್ಲಗಳೆಯುವುದು ಹೇಗೆ? ಉತ್ತರ ಹೈಡ್ರೋಜನ್ನೇ. ಕಾರಣ ಮಾತ್ರ ಬೇರೆ. ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಬೇಕು. 50 ಕೆ.ಜಿ. ನೈಟ್ರೋಜನ್ ಸುಮಾರು 1,786 ಮೋಲ್. ಅದಕ್ಕೆ 5,357 ಮೋಲ್ ಹೈಡ್ರೋಜನ್ ಬೇಕು, ತೂಕದಲ್ಲಿ 10.8 ಕೆ.ಜಿ. ಕೊರತೆ 800 ಗ್ರಾಂ ಅಷ್ಟೇ. ಹತ್ತರ ಜಾಗದಲ್ಲಿ 11 ಎಂದು ಬರೆದು ನೋಡಿ, ಐವತ್ತು ಕೆ.ಜಿ. ಇದ್ದ ನೈಟ್ರೋಜನ್ನೇ ಮೊದಲು ಮುಗಿಯುತ್ತದೆ! ಬೋರ್ಡಿನ ಮೇಲೆ ಸೊನ್ನೆ ಒರೆಸಿ ಒಂದು ಬರೆದ ದಿನ ಇಡೀ ತರಗತಿ ಎದ್ದು ಕೂತಿತ್ತು. ಪುಸ್ತಕ ಬರೆದವರು ಆ ಒಂದು ಅಂಕಿ ಬದಲಿಸಿದ್ದರೆ ಸಾಕಿತ್ತು.

ಕೋಚಿಂಗ್ ಕ್ಲಾಸಿನವರದು ಇನ್ನೊಂದು ಬಗೆ. ಮೋಲ್‌ಗಳನ್ನು ಸಮೀಕರಣದ ಅಂಕಿಯಿಂದ ಭಾಗಿಸು, ಚಿಕ್ಕದು ಬಂದದ್ದಕ್ಕೆ ಟಿಕ್ ಹಾಕು. ನೈಟ್ರೋಜನ್ನಿನ 1,786 ಹಾಗೇ ಉಳಿಯಿತು, 10 ಕೆ.ಜಿ. ಹೈಡ್ರೋಜನ್ನಿನ 4,960 ಮೋಲ್ ಅನ್ನು ಮೂರರಿಂದ ಭಾಗಿಸಿದರೆ 1,653. ವಿಧಾನದಲ್ಲಿ ತಪ್ಪಿಲ್ಲ, ನೀಟ್ ಬರೆಯುವವರಿಗೆ ಸಮಯವೂ ಉಳಿಯುತ್ತದೆ. ಆದರೆ “ಉಳಿದದ್ದು ಎಷ್ಟಪ್ಪಾ?” ಎಂದು ಕೇಳಿದೊಡನೆ ಪೆನ್ನು ನಿಂತುಬಿಡುತ್ತದೆ. ಈ ಲೆಕ್ಕದಲ್ಲಿ ಪುಸ್ತಕವೂ ಅದನ್ನು ಕೇಳುವುದಿಲ್ಲ. ಉಳಿಯುವುದು 3.7 ಕೆ.ಜಿ. ನೈಟ್ರೋಜನ್, ಅದಕ್ಕೆ 56.3 ಕೆ.ಜಿ. ಅಮೋನಿಯಾ ಕೂಡಿಸಿದರೆ ಹಾಕಿದ ಅರವತ್ತೂ ತಾಳೆಯಾಗುತ್ತದೆ. (ಕಾರ್ಖಾನೆಯಲ್ಲಿ ಒಂದು ಸುತ್ತಿಗೆ ಶೇ 15ರ ಆಸುಪಾಸಷ್ಟೇ ಅಮೋನಿಯಾ ಆಗಿ, ಮಿಕ್ಕ ಅನಿಲವನ್ನು ಮತ್ತೆ ಮತ್ತೆ ತಿರುಗಿಸುತ್ತಾರೆ. ಆ ವಿಷಯಕ್ಕೂ ಲೆಕ್ಕದ ಕೆಳಗೆ ಒಂದು ಸಾಲು ಬೇಕಿತ್ತು.)

ನನ್ನನ್ನು ಕೇಳಿದರೆ ಈ ಪಾಠ ಶುರುವಾಗಬೇಕಾದದ್ದು ನಾಲ್ಕು ಬಾಟಲಿಗಳಿಂದ. ಒಂದೊಂದರಲ್ಲೂ ಅಂಗಡಿಯ ಶೇ 4ರ ವಿನೆಗರ್ 100 ಮಿ.ಲೀ. ನಾಲ್ಕು ಬಲೂನುಗಳಲ್ಲಿ 2, 4, 6, 8 ಗ್ರಾಂ ಅಡುಗೆ ಸೋಡಾ. ಬಲೂನನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಸೋಡಾ ಸುರಿದರೆ ಮೂರನೆಯದರವರೆಗೆ ಬಲೂನು ದೊಡ್ಡದಾಗುತ್ತ ಹೋಗುತ್ತದೆ, ನಾಲ್ಕನೆಯದು ಮೂರನೆಯದರಷ್ಟೇ. ಅಷ್ಟು ವಿನೆಗರ್‌ನಲ್ಲಿರುವ ಆಮ್ಲಕ್ಕೆ 5.6 ಗ್ರಾಂ ಸೋಡಾ ಸಾಕು. ಬಲೂನು ತೆಗೆದು ನಾಲ್ಕನೆಯ ಬಾಟಲಿಗೆ ಇನ್ನಷ್ಟು ವಿನೆಗರ್ ಹಾಕಿಸಿ, ಬುಸ್ಸೆಂದು ನೊರೆ ಏಳುತ್ತದೆ. ಮೊದಲನೆಯದಕ್ಕೆ ಎಷ್ಟು ಹಾಕಿದರೂ ಅದು ತೆಪ್ಪಗೆ ಕೂತಿರುತ್ತದೆ. ಯಾಕೆ ಎಂದು ಹಿಂದಿನ ಬೆಂಚಿನವನನ್ನೇ ಕೇಳಿ.