ಭಯದ ರುಚಿ, ಅಭಯದ ರುಚಿ

ಭಯವನ್ನು ಯಾರೂ ಬಯಸುವುದಿಲ್ಲ. ಆದರೂ ಹಣ ತೆತ್ತು ಭಯಪಡುವವರಿಗೆ ಕೊರತೆಯಿಲ್ಲ. ಭಯಾನಕ ಚಲನಚಿತ್ರಗಳ ಜನಪ್ರಿಯತೆಯು ಈ ವಿರೋಧಾಭಾಸದ ಮೇಲೆಯೇ ನಿಂತಿದೆ. ಫಾಜಿಲ್ ನಿರ್ದೇಶಿಸಿ 1993ರಲ್ಲಿ ತೆರೆಕಂಡ ಮಲಯಾಳದ ‘ಮಣಿಚಿತ್ರತ್ತಾಳ್’ ಇದಕ್ಕೊಂದು ನಿದರ್ಶನ. ಆ ಕಥೆಯೇ 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೂ, 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೂ, 2007ರಲ್ಲಿ ‘ಭೂಲ್ ಭುಲೈಯಾ’ ಎಂಬ ಹೆಸರಿನಿಂದ ಹಿಂದಿಗೂ ಬಂದಿತು. ಮೂಲಚಿತ್ರವು 2024ರಲ್ಲಿ ಪುನಃ ಚಿತ್ರಮಂದಿರಗಳನ್ನು ಪ್ರವೇಶಿಸಿತು.

ನಾಟ್ಯಶಾಸ್ತ್ರವು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಪರಿಗಣಿಸಿದೆ. ಬಾಳಿನಲ್ಲಿ ನಮ್ಮನ್ನು ಓಡಿಸುವ ಭಯವು ರಂಗದ ಮೇಲೆ ನಮ್ಮನ್ನು ಕುಳ್ಳಿರಿಸುತ್ತದೆ, ಏಕೆಂದರೆ ಅಲ್ಲಿ ನಮಗೆ ಅಪಾಯವಿಲ್ಲ. ಆದರೆ ಅಪಾಯವಿಲ್ಲದ ಬೆಚ್ಚುವಿಕೆಯಷ್ಟೇ ಕಾರಣವಾಗಿದ್ದರೆ, ಕೊನೆ ತಿಳಿದಿರುವ ಕಥೆಯನ್ನು ಜನರು ಮೂವತ್ತು ವರ್ಷಗಳ ಅನಂತರವೂ ನೋಡುತ್ತಿರಲಿಲ್ಲ. ಬೇರೇನೋ ಇರಲೇಬೇಕು.

ಹಳೆಯ ಮನೆಯೊಂದರ ಬೀಗ ಹಾಕಿದ ಕೋಣೆಯನ್ನು ಸೊಸೆ ಗಂಗಾ ತೆರೆಸುತ್ತಾಳೆ. ಹಿಂದೆ ಆ ಮನೆಯ ಯಜಮಾನನಿಂದ ಹತಳಾದ ನರ್ತಕಿ ನಾಗವಲ್ಲಿಯ ಆತ್ಮವು ಹೊರಬಂದಿತೆಂದು ಮನೆಯವರು ನಡುಗುತ್ತಾರೆ. ಭಯಗೊಂಡವರಿಗೆ ಒಬ್ಬ ಅಪರಾಧಿ ಬೇಕು. ಸಂಶಯವು ನಿರಪರಾಧಿಯಾದ ಇನ್ನೊಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ಗಂಗೆಯ ವ್ಯಾಕುಲ ಮನಸ್ಸೇ ನಾಗವಲ್ಲಿಯ ನೋವನ್ನು ತನ್ನದಾಗಿಸಿಕೊಂಡಿದೆ. ಆ ಕ್ಷಣದಿಂದ ನಾವು ಅವಳಿಗೆ ಹೆದರುವುದನ್ನು ಬಿಟ್ಟು ಅವಳಿಗಾಗಿ ಹೆದರತೊಡಗುತ್ತೇವೆ. ಚಿತ್ರದ ದೀರ್ಘಾಯುಷ್ಯದ ಗುಟ್ಟು ಇಲ್ಲಿದೆಯೆಂದು ನನ್ನ ಭಾವನೆ.

ಸೇಡು ತೀರಿದರೆ ಮಾತ್ರ ನಾಗವಲ್ಲಿ ತೊಲಗುವಳೆಂದು ಅರಿತ ವೈದ್ಯನು ಒಂದು ಉಪಾಯ ಹೂಡುತ್ತಾನೆ. ಶತ್ರುವೆಂದು ಭ್ರಮಿಸಿ ಗಂಗಾ ಖಡ್ಗವೆತ್ತುವಾಗ, ಎದುರಿದ್ದ ಪತಿಯನ್ನು ತಪ್ಪಿಸಿ ಅಲ್ಲಿ ಒಂದು ಬೊಂಬೆಯನ್ನು ಇರಿಸಲಾಗುತ್ತದೆ. ಬೊಂಬೆ ಕಡಿದು ಬೀಳುತ್ತದೆ; ಗಂಗಾ ಗುಣಹೊಂದುತ್ತಾಳೆ.

ಕನ್ನಡದ ಓದುಗನಿಗೆ ಈ ಬೊಂಬೆಯು ಹಿಟ್ಟಿನ ಕೋಳಿಯನ್ನು ನೆನಪಿಸದೆ ಇರದು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಮಾರಿಯ ಗುಡಿಯ ಭೀಕರ ವರ್ಣನೆಯಲ್ಲಿ ಇಂದಿನ ಯಾವ ಚಿತ್ರಕ್ಕೂ ಹಿಂದೆಬೀಳದು. ಅಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕಡಿದೊಡನೆ ಅದು ಕೂಗುತ್ತದೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಹಾಗಾದರೆ ಬೊಂಬೆಯನ್ನು ಕಡಿದವಳು ಗುಣಹೊಂದಿದಳು, ಹಿಟ್ಟನ್ನು ಕಡಿದವನು ಕೆಟ್ಟನು, ಇದು ಹೇಗೆ? ಯಶೋಧರನು ಎಚ್ಚರದಲ್ಲಿದ್ದು ಕೊಲೆಯನ್ನು ಒಪ್ಪಿದವನು; ಗಂಗೆಗೆ ತನ್ನ ಅರಿವೇ ಇರಲಿಲ್ಲ, ಬೊಂಬೆ ಇಟ್ಟವನ ಸಂಕಲ್ಪವು ಜೀವರಕ್ಷಣೆಯದು. ಆದರೆ ಮೂರನೆಯವನೊಬ್ಬನಿದ್ದಾನೆ. ಅವನೇ ಪ್ರೇಕ್ಷಕ. ಅವನು ಪೂರ್ಣ ಎಚ್ಚರದಲ್ಲಿದ್ದಾನೆ. ಖಡ್ಗವೆತ್ತಿದಾಗ ಅವನ ಮನಸ್ಸು ಯಾವುದಕ್ಕೆ ಕಾದಿತ್ತು? ಏಟಿಗೋ, ಗಂಗೆಯ ಮರಳುವಿಕೆಗೋ?

ತೆರೆಯ ಮೇಲಿನ ನೆತ್ತರು ಸುಳ್ಳು. ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದಲ್ಲಿ ಅದು ಚಾಕೊಲೇಟ್ ಪಾಕವಾಗಿತ್ತು. ಆದರೆ ಅದನ್ನು ನೋಡುವಾಗಿನ ನಮ್ಮ ಸುಖವಾಗಲಿ, ಸಂಕಟವಾಗಲಿ ಸುಳ್ಳಲ್ಲ. ಏಟಿನ ಸುಖಕ್ಕಾಗಿಯೇ ಕಟ್ಟಿದ ಚಿತ್ರಗಳು ಹಲವಿವೆ. ಅವು ಪ್ರತಿಸಲವೂ ಇನ್ನಷ್ಟು ನೆತ್ತರನ್ನು ಬೇಡುತ್ತವೆ. ಭಯವನ್ನು ಮರುಕದವರೆಗೆ ಒಯ್ಯುವ ಚಿತ್ರಗಳು ವಿರಳ, ಬಾಳುವುವು ಅವೇ.

ಮಾರಿಯ ಗುಡಿಯಲ್ಲಿ ಕತ್ತಿಯ ಕೆಳಗೆ ನಿಂತು ಈ ಕಥೆ ಹೇಳುವ ಬಾಲಕನು ಪೂರ್ವಜನ್ಮದಲ್ಲಿ ಆ ಯಶೋಧರನೇ. ಕಥೆ ಕೇಳಿದ ಮಾರಿದತ್ತನು ಬಲಿಯನ್ನು ತ್ಯಜಿಸುತ್ತಾನೆ. ಬಾಲಕನ ಹೆಸರು ಅಭಯರುಚಿ. ಇಂಥ ಚಿತ್ರವನ್ನು ನೋಡಿ ಬಂದ ಮಕ್ಕಳನ್ನು ನಾವು ‘ಹೆದರಿದಿರಾ?’ ಎಂದು ಕೇಳುತ್ತೇವೆ. ‘ಯಾರಿಗಾಗಿ ಮರುಗಿದಿರಿ?’ ಎಂದೂ ಕೇಳಿದರೆ ಲೇಸು.